ಅಪ್ಪನ ಹೆಸರು ಕೇಳುತ್ತಿದ್ದ ಗಣತಿದಾರ

ಹತ್ತು ವರ್ಷ ಎದುರು ಮನೆಯಲ್ಲಿದ್ದ ನನ್ನನ್ನೇ, ಜನಗಣತಿಯ ಹಾಳೆ ಕೈಗೆ ಬಂದ ದಿನ, ಕನ್ನಡಕದ ಮೇಲಿನಿಂದ ಅಪರಿಚಿತನಂತೆ ನೋಡಿ, “ಅಪ್ಪನ ಹೆಸರು?” ಎಂದು ಕೇಳಿದ ಮಹಾಶಯ ಆಂಬ್ರೋಸ್ ಟ್ರೆಗಿಲ್ಗಸ್. ಸರ್ಕಾರದ ಹಾಳೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಆದರೂ ಅಪ್ಪನ ಹೆಸರನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳದೆ ಆತ ಒಂದು ತಲೆಯನ್ನೂ ಎಣಿಸುತ್ತಿರಲಿಲ್ಲ. ಕೆಣಕಿದರೆ, ಆಕಾಶದಿಂದ ಉದುರಿದವರನ್ನು ತಾನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಗೊಣಗಿ ಮುಂದಿನ ಬಾಗಿಲಿಗೆ ನಡೆದುಬಿಡುತ್ತಿದ್ದ.

ತಗಡಿನ ಮಾಡು ಚಟಚಟ ಸಿಡಿಯುವ ಬಿಸಿಲಿನಲ್ಲೂ ಮೈಮೇಲೆ ಅದೇ ಕರಿಯ ಉಣ್ಣೆಯ ಕೋಟು, ಅದರ ಎಡಜೇಬಿನಲ್ಲಿ ಸದಾ ಒಸರುವ ಮಸಿಕುಡಿಕೆ. ಯಾರ್ಕೂನ ಜಿಲ್ಲಾ ಮಂಡಳಿಗೆ ಮೂವತ್ತು ವರ್ಷ ಗುಮಾಸ್ತನಾಗಿದ್ದ ಆತ ವರ್ಷಕ್ಕೊಮ್ಮೆ ಸುಣ್ಣದ ಬಕೆಟ್ಟು ಹಿಡಿದು, ಹೆಜ್ಜೆ ಎಣಿಸುತ್ತ, ಗಡಿಯ ಕಂಬಗಳಿಗೆಲ್ಲ ಬಳಿದು ಬರುತ್ತಿದ್ದ. ದಾರಿಯಲ್ಲಿ ಯಾರಾದರೂ ಮಾತನಾಡಿಸಿದರೆ ಎಣಿಕೆ ತಪ್ಪೀತೆಂದು ಬರೀ ಕೈಯೆತ್ತಿ ಸಾಗುತ್ತಿದ್ದ. ಗೋದಿ ಕೈಕೊಟ್ಟು, ಮೊಲಗಳು ಹುಲ್ಲಿನ ಬೇರನ್ನೂ ಬಿಡದೆ ಮೇಯ್ದು, ಜನ ಗಾಡಿ ಕಟ್ಟಿಕೊಂಡು ದಕ್ಷಿಣಕ್ಕೆ ಹೋಗುತ್ತಿದ್ದ ಕಾಲ ಅದು. ಸಾವಿರದ ನೂರಿದ್ದ ಜನಸಂಖ್ಯೆ ಆರುನೂರಾಯಿತು, ಮುನ್ನೂರ ನಲವತ್ತಾಯಿತು. ಪ್ರತಿ ಮೊತ್ತದ ಕೆಳಗೂ ಆತ ಎರಡೆರಡು ಗೆರೆ ಎಳೆಯುತ್ತಿದ್ದ.

೧೯೩೩ರಲ್ಲಿ ರಾಜಧಾನಿಯಿಂದ ಕಾಗದ ಬಂತು: ಇನ್ನೂರು ತಲೆ ಇಲ್ಲದ ಜಿಲ್ಲೆಯನ್ನು ಪಕ್ಕದ ಜಿಲ್ಲೆಗೆ ಸೇರಿಸಲಾಗುವುದು. ಸೇರಿಸಿದರೆ ಶಾಲೆಯೂ ಹೋಯಿತು, ತಿಂಗಳಿಗೊಮ್ಮೆ ಬರುವ ವೈದ್ಯನೂ ಹೋದ, ನಾನು ನಡೆಸುತ್ತಿದ್ದ ಅಂಚೆಕಚೇರಿಯೂ ಹೋಯಿತು. ಟ್ರೆಗಿಲ್ಗಸ್ ಎಣಿಸಿ ಮುಗಿಸಿದಾಗ ನೂರ ಎಂಬತ್ತಮೂರು.

ಆಗ ಮಂಡಳಿಯ ಅಧ್ಯಕ್ಷ ಹೋರೇಸ್ ಡಾಡ್ರಿಜ್‌ಗೆ, ನಾವು ಬಿಳಿಯರು ಬರುವ ಮೊದಲಿನಿಂದಲೂ ಇಲ್ಲಿದ್ದ, ಮಡುವಿನ ಬಿಡಾರದ ಮೂಲಜನರ ನೆನಪಾಯಿತು. ಇಪ್ಪತ್ತೆರಡು ವರ್ಷಗಳ ಹಿಂದೆ, ಅವರಿಗೆ ಹಿಟ್ಟು, ನೀರು ಒದಗಿಸುವ ಹೊಣೆ ಮಂಡಳಿಗೆ ಬೇಡವೆಂದು ನಕ್ಷೆಯಲ್ಲಿ ಗಡಿಯನ್ನು ಸೊಟ್ಟಗೆ ಬಾಗಿಸಿ ಅವರನ್ನು ಜಿಲ್ಲೆಯಿಂದ ಹೊರಗಿಟ್ಟವನು ಇದೇ ಪುಣ್ಯಾತ್ಮ; ಕಂಬ ಕಿತ್ತು ಮಡುವಿನ ಈಚೆಗೆ ನೆಟ್ಟವನು ಟ್ರೆಗಿಲ್ಗಸ್. ಮೂಲಜನರನ್ನು ಜನಸಂಖ್ಯೆಯಲ್ಲಿ ಸೇರಿಸಕೂಡದೆಂದು ಕಾನೂನಿತ್ತು. ಬಿಳಿಯ ತಂದೆಗೆ ಹುಟ್ಟಿದವರನ್ನಾದರೆ ಸೇರಿಸಬಹುದಿತ್ತು. ಅಂಥವರು ಬಿಡಾರದಲ್ಲಿ ಹತ್ತೊಂಬತ್ತು ಮಂದಿ. ಗಡಿಯನ್ನು ನೆಟ್ಟಗೆ ಮಾಡಿ ಅವರನ್ನು ಎಣಿಸಿಕೊಂಡು ಬಾ ಎಂದು ಅಧ್ಯಕ್ಷನ ಅಪ್ಪಣೆಯಾಯಿತು.

ಕಂಬದ ಇನ್ನೊಂದು ತುದಿ ಹಿಡಿಯಲು ನಾನೂ ಹೋದೆ. ಬಿಡಾರದ ಹಿರಿಯಳು ಡಾರ್ಕಸ್ ಅಜ್ಜಿ ಕುಳಿತಲ್ಲಿಂದಲೇ ನಮ್ಮ ಪರದಾಟವನ್ನು ನೋಡಿದಳು.

“ನಿಮ್ ಕಂಬ ಚೆನ್ನಾಗಿ ಓಡಾಡ್ತದೆ ಕಣಪ್ಪಾ. ನಾನು ಮಾತ್ರ ಇಲ್ಲೇ ಕೂತಿದೀನಿ. ಇವತ್ತು ಒಳಗೋ, ಹೊರಗೋ?”

ಒಳಗೆ ಎಂದು ಟ್ರೆಗಿಲ್ಗಸ್ ನೆಲ ನೋಡುತ್ತ ಹೇಳಿದ. ಹಾಳೆ ಬಿಡಿಸಿ ಮೊದಲನೆಯ ಹೆಸರು ಬರೆದ. ಆಮೇಲೆ ರೂಢಿಯ ಬಲದಿಂದ ಆ ಪ್ರಶ್ನೆ ತಾನಾಗಿ ಬಾಯಿಗೆ ಬಂತು: “ಅಪ್ಪನ ಹೆಸರು?”

 ಅಜ್ಜಿ ಹಾಳೆಯ ಅಂಚಿನತ್ತ ಬೆರಳು ತೋರಿಸಿದಳು.

“ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ. ಬರ್ಕೋ. ಮಸಿ ಸಾಕಾಗ್ತದಾ?”

ಹತ್ತೊಂಬತ್ತನ್ನೂ ಹೇಳಿದಳು, ತಡವರಿಸದೆ. ಆತ ಬರೆದ. 

ಮರುದಿನ ನನ್ನ ಅಂಚೆಕಚೇರಿಯ ಹಿಂಗೋಣೆಯಲ್ಲಿ ಅಧ್ಯಕ್ಷ ಮೊದಲು ಮೊತ್ತವನ್ನು ನೋಡಿದ: ಇನ್ನೂರ ಎರಡು. ಮುಖ ಅರಳಿತು, ಟ್ರೆಗಿಲ್ಗಸ್‌ನ ಬೆನ್ನು ತಟ್ಟಿದ. ಆಮೇಲೆ ಅವನ ಕಣ್ಣು ಅಂಚಿಗೆ ಹೋಯಿತು. ಅಲ್ಲಿ ಅವನ ಹೆಸರು ನಾಲ್ಕು ಸಲವಿತ್ತು, ಸತ್ತ ತಮ್ಮನದು ಎರಡು ಸಲ. ಉಳಿದವೂ ನಮ್ಮ ಚರ್ಚಿನ ಮುಂದಿನ ಬೆಂಚುಗಳಲ್ಲಿ ಕೂರುವ ದೊಡ್ಡಮನುಷ್ಯರವೇ.

ಅಂಚಿನ ಹೆಸರುಗಳನ್ನು ಬಿಟ್ಟು ಬೇರೆ ಹಾಳೆಯಲ್ಲಿ ಬರೆ ಎಂದ ಅಧ್ಯಕ್ಷ. ಅಪ್ಪನಿಲ್ಲದೆ ತಲೆಯಿಲ್ಲ ಎಂದು ಟ್ರೆಗಿಲ್ಗಸ್ ಹಟ ಹಿಡಿದ. ಆ ಗಳಿಗೆಯಲ್ಲಿ ಆ ಮುದುಕನ ಕಾಲಿಗೆ ಬೀಳಬೇಕೆನಿಸಿತು ನನಗೆ.

“ಹಾಗಾದ್ರೆ ಆ ತಲೆಗಳೇ ಬೇಡ. ಜಿಲ್ಲೆ ಹೋದ್ರೆ ಹೋಗ್ಲಿ,” ಎಂದ ಹೋರೇಸ್, ಹಾಳೆ ಹಿಡಿದು ಒಲೆಯತ್ತ ತಿರುಗಿದ.

ಟ್ರೆಗಿಲ್ಗಸ್ ಕೋಟಿನ ಜೇಬಿಗೆ ಕೈಹಾಕಿ ನಿಂತ. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಹಾಳೆ ಕೈಗೆ ಸಿಗುತ್ತಿತ್ತು, ಇಡಲಿಲ್ಲ. ನೂರ ಎಂಬತ್ತಮೂರು ಎಂದು ಬರೆದ ಹಾಳೆಯೇ ರಾಜಧಾನಿಗೆ ಹೋಯಿತು. ಮುಂದಿನ ವರ್ಷ ಜಿಲ್ಲೆ ನಕ್ಷೆಯಿಂದ ಅಳಿಸಿಹೋಯಿತು, ಶಾಲೆಗೆ ಬೀಗ ಬಿತ್ತು. ಡಾರ್ಕಸ್ ಅಜ್ಜಿಯ ಮಂದಿ ಮಡುವಿನ ಬಳಿಯಲ್ಲೇ ಇದ್ದರು, ಯಾವ ಮೊತ್ತಕ್ಕೂ ಸೇರದೆ. ಟ್ರೆಗಿಲ್ಗಸ್ ಸಾಯುವ ತನಕ, ಇಲ್ಲದ ಗಡಿಯ ಕಂಬಗಳಿಗೆ ಸುಣ್ಣ ಬಳಿಯುತ್ತಿದ್ದ. ಆ ದಿನ ಯಾಕೆ ಸುಮ್ಮನಿದ್ದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಎಣಿಸೋದಷ್ಟೇ ನನ್ನ ಕೆಲ್ಸ,” ಎಂದ.

ಗಡಿಸೀಮೆಗಳನ್ನು ಕಟ್ಟುವವರೂ ಕೆಡಿಸುವವರೂ ಬರೀ ದುಷ್ಟರೇ ಎಂದು ನಂಬಿದ್ದವನು ನಾನು. ಈಗ ಆ ನಂಬಿಕೆಯಿಲ್ಲ. ಒಂದಂಕಿಯೂ ತಪ್ಪದಂತೆ ಸತ್ಯವನ್ನು ಬರೆದು, ಅದು ಉರಿಯುವಾಗ ಕೈಕಟ್ಟಿ ನಿಲ್ಲುವ ಸಜ್ಜನರು ಎಲ್ಲ ಊರಲ್ಲೂ ಇದ್ದಾರೆ. ದುಷ್ಟರಿಗೆ ಅಷ್ಟು ಸಾಕು. ಹೋರೇಸ್ ಹಾಳೆ ಹಿಡಿದು ಒಲೆಯತ್ತ ಬಂದಾಗ ಅದರ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಪಾತ್ರೆಯನ್ನು ಇಳಿಸಿ ಅವನಿಗೆ ಜಾಗ ಮಾಡಿಕೊಟ್ಟವನು ನಾನು.