ಐವತ್ತಮೂರು ನಿಮಿಷ

"ಎಲ್ಲೋ ನೋಡ್ಕೊಂಡು ಹೊಯ್ಬೇಡಪ್ಪ. ನಿಧಾನ. ಒಂದೇ ಧಾರೆಯಾಗಿ ಬೀಳ್ಬೇಕು," ಎಂದು ಪ್ರಾರ್ಥನೆ ಮಾಡಿಸುವ ಮೊಲ್ದೊ ತಗ್ಗಿದ ದನಿಯಲ್ಲಿ ಗದರಿದ.

ಕುಬಾತ್ ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆದರೂ ನೀರು ತುಳುಕಿ ಅವನ ಅಂಗಿಯ ತೋಳೆಲ್ಲ ತೊಯ್ದುಹೋಯಿತು. ನೂರೈವತ್ತು ಜನರನ್ನು ಹೊತ್ತ ಜೆಟ್ಟನ್ನು ಬೆಟ್ಟಗಳ ನಡುವೆ ಇಳಿಸುವ ಕೈ ಅದು. ಇವತ್ತು ಒಂದು ಗಿಂಡಿ ನೀರನ್ನು ನೇರ ಹೊಯ್ಯಲಾರದೆ ಹೋಯಿತು.

ಹಲಗೆಯ ಮೇಲೆ ಮಲಗಿದ್ದವರು ಮಾಂಬೆತ್ ಆಗೈ. ಆಗೈ ಎಂದರೆ ಮೇಷ್ಟ್ರು. ಬಿಷ್ಕೆಕ್ ನಗರದ ಪೈಲಟ್‌ಗಳಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆದವರೇ ಇಲ್ಲ, ಬೆನ್ನ ಹಿಂದೆ ಕರೆಯುತ್ತಿದ್ದ ಇನ್ನೊಂದು ಹೆಸರನ್ನು ಬಿಟ್ಟರೆ. ಎಪ್ಪತ್ತೊಂದು ವರ್ಷ. ಹೊಟ್ಟೆಯ ಕಾಯಿಲೆ ಮೂರೇ ತಿಂಗಳಲ್ಲಿ ಹಿಂಡಿ ಹಾಕಿತ್ತು. ಮೈ ತೊಳೆಯಲು ಐದು ಜನ ಬೇಕು. ನಾಲ್ವರು ಅವರ ನಂಟರೇ. ಐದನೆಯವನಾಗಿ ಕುಬಾತ್ ಬರಲಿ ಎಂದು ಅವರೇ ಹೇಳಿಹೋಗಿದ್ದರಂತೆ. ಸುದ್ದಿ ಬಂದಾಗ ಅವನ ಹೆಂಡತಿ, "ನೀನು ಅಂದ್ರೆ ಎಷ್ಟು ಪ್ರೀತಿ ನೋಡು ಅವ್ರಿಗೆ," ಎಂದಿದ್ದಳು. ಕುಬಾತ್ ಅವಳ ಮುಖ ನೋಡದೆ ಬೂಟು ಹಾಕಿಕೊಂಡಿದ್ದ.

ಶವಕ್ಕೆಂದು ಪದ್ಧತಿಯಂತೆ ಹಾಕಿದ ಗುಡಾರದಲ್ಲಿ, ಪರದೆಯ ಆಚೆ, ಹೆಂಗಸರು ಗೋಡೆಗೆ ಮುಖ ಮಾಡಿ ಕುಳಿತು ಹಾಡಿಕೊಂಡು ಅಳುತ್ತಿದ್ದರು. ಆಗೈಯ ಹೆಂಡತಿ ಬುರುಲ್ಚಾಳ ಒಡೆದ ದನಿ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು. "ಹೊತ್ತು ತಪ್ಪದವನೇ, ಮಾತು ತಪ್ಪದವನೇ, ನನ್ನ ಬಿಟ್ಟು ಹೊರಟವನೇ..."

ಹೊತ್ತು ತಪ್ಪದವನೇ! ಹೊರಗೆ ನಿಂತ ವಿಮಾನ ನಿಲ್ದಾಣದ ಗಂಡಸರು ಈ ಸಾಲು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತಾರೆ. ಆ ಸಾಲು ಸತ್ಯ ಎಂದು ಗೊತ್ತಿರುವವನು ಭೂಮಿಯ ಮೇಲೆ ಈಗ ಒಬ್ಬನೇ. ಅವನು ಇವತ್ತು ಬಾಯಿ ಬಿಡಬೇಕು. ಬಿಡದಿದ್ದರೆ ಆಗೈ ತಮ್ಮದಲ್ಲದ ಕೆಟ್ಟ ಹೆಸರನ್ನು ಹೊದ್ದುಕೊಂಡೇ ಮಣ್ಣಿಗೆ ಹೋಗುತ್ತಾರೆ. ಬಿಟ್ಟರೆ ತನ್ನ ಭುಜದ ಮೇಲಿನ ಕ್ಯಾಪ್ಟನ್ ಗುರುತಿನ ನಾಲ್ಕು ಪಟ್ಟಿ, ಮನೆ, ಮಗಳ ಮುಂದೆ ಎತ್ತಿ ನಡೆಯುವ ತಲೆ, ಇವುಗಳಲ್ಲಿ ಏನೇನು ಉಳಿಯುತ್ತದೋ ಕುಬಾತ್‌ಗೆ ತಿಳಿಯದು.

ಬಿಳಿ ಬಟ್ಟೆ ಸುತ್ತಿ ತಲೆ, ಸೊಂಟ, ಕಾಲು, ಮೂರು ಕಡೆ ಗಂಟು ಹಾಕಿದರು. ತೊಳೆದವರಿಗೆ ಸತ್ತವರ ಉಡುಪು ಕೊಡುವುದು ಪದ್ಧತಿ. ಆಗೈಯ ಮಗ ಎರ್ಕಿನ್ ಒಬ್ಬೊಬ್ಬರಿಗೂ ಕೊಟ್ಟುಕೊಂಡು ಬಂದ. ಒಬ್ಬನಿಗೆ ಉಣ್ಣೆಯ ಟೋಪಿ, ಒಬ್ಬನಿಗೆ ಬೂಟು. ಕುಬಾತ್‌ನ ಮುಂದೆ ನಿಂತು ನೀಲಿ ಸಮವಸ್ತ್ರದ ಕೋಟನ್ನು ಚಾಚಿದ. ತೋಳಿನ ಪಟ್ಟಿ ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸಿರಲಿಲ್ಲ.

"ಇದು ನಿಮಗೇ ಕೊಡ್ಬೇಕು ಅಂತ ಅಪ್ಪ ಹೇಳಿದ್ರು ಅಣ್ಣ. ಹದಿನಾಲ್ಕು ವರ್ಷ ಬೀರುವಿನಲ್ಲೇ ಇತ್ತು. ಒಗೆಯೋಕೂ ಬಿಡ್ತಿರ್ಲಿಲ್ಲ."

"ನನಗೆ ಬೇಡಪ್ಪ ಎರ್ಕಿನ್, ನಿನಗಿರ್ಲಿ."

"ಬೇಡ ಅನ್ಬಾರ್ದು," ಎಂದ ಎರ್ಕಿನ್. ಅತ್ತೂ ಅತ್ತೂ ಅವನ ಕಣ್ಣು ಕೆಂಡವಾಗಿತ್ತು.

* * *

ಹದಿನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ಓಶ್ ನಗರದ ವಿಮಾನ ನಿಲ್ದಾಣದಲ್ಲಿ. ಡಾಂಬರು ಮೆತ್ತಗಾಗುವಷ್ಟು ಬಿಸಿಲು. ಮಾಂಬೆತ್ ಆಗೈ ಕ್ಯಾಪ್ಟನ್, ಕುಬಾತ್ ಪಕ್ಕದ ಆಸನದ ಸಹಪೈಲಟ್. ಭಾರದ ವಿಮಾನ, ಬಿಸಿ ಗಾಳಿ, ಹಿಂದಿನಿಂದ ತಳ್ಳುವ ಗಾಳಿ ಬೇರೆ. ಇಳಿದಾಗ ಬ್ರೇಕನ್ನು ಬಲವಾಗಿಯೇ ಒತ್ತಬೇಕಾಯಿತು. ನಿಂತ ಮೇಲೆ ಆಗೈ ಬ್ರೇಕಿನ ಕೋಷ್ಟಕ ತೆಗೆದು ಬೆರಳಿಟ್ಟು ನೋಡಿದರು.

"ಏನು ಹೇಳುತ್ತೆ ಪುಸ್ತಕ?"

"ಐವತ್ತಮೂರು ನಿಮಿಷ ಆಗೈ," ಎಂದ ಕುಬಾತ್. ಗೊತ್ತುಮಾಡಿದ ತೂಕಕ್ಕಿಂತ ಹೆಚ್ಚಿನ ಭಾರದಲ್ಲಿ ಇಳಿದರೆ ಬ್ರೇಕಿನ ಕಾವು ಕೂಡಲೇ ಹೊರಗೆ ಕಾಣದು. ಒಳಗೊಳಗೇ ಏರುತ್ತಾ ಹೋಗುತ್ತದೆ. ಐವತ್ತಮೂರು ನಿಮಿಷ ಕಾಯಬೇಕು, ಆಮೇಲೆ ಚಕ್ರಗಳನ್ನು ನೋಡಬೇಕು, ಆಮೇಲೆಯೇ ಹೊರಡಬೇಕು.

"ಐವತ್ತೆರಡಾದ್ರೆ?"

"ಆಗಲ್ಲ."

"ಮಂತ್ರಿ ಬಂದು ಕಾಲಿಗೆ ಬಿದ್ರೆ?"

"ಎತ್ತಿ ಕೂರಿಸಿ, ಚಹಾ ಕೊಟ್ಟು, ಐವತ್ತಮೂರು ಕಾಯ್ಬೇಕು ಆಗೈ."

ಆಗೈ ನಕ್ಕು ಕೈಗಡಿಯಾರ ಬಿಚ್ಚಿ ಕುಬಾತ್‌ನ ಕೈಗೆ ಕಟ್ಟಿದರು. ಅದು ಅವರ ಪದ್ಧತಿ. ಎರಡು ಗಡಿಯಾರ ಇದ್ದರೆ ಜಗಳ ಶುರುವಾಗುತ್ತದೆ. ಕಾಯುವ ಹೊತ್ತು ಒಬ್ಬನ ಕೈಯಲ್ಲಿರಬೇಕು, ಉಳಿದವರು ಅವನ ಮಾತು ನಂಬಬೇಕು ಎನ್ನುತ್ತಿದ್ದರು.

ಅಷ್ಟರಲ್ಲಿ ಕುಬಾತ್‌ನ ಫೋನು ಬಡಿದುಕೊಂಡಿತು. ಹೆಂಡತಿ. ಮಗಳು ಮೇರಿಮ್ ಹೆಜ್ಜೆ ಇಡಲು ಕಲಿತಿದ್ದಳು. ಆ ಸಂಜೆ ಐದಕ್ಕೆ, ಮಗು ಎಡವದೆ ನಡೆಯಲಿ ಎಂದು, ಅವಳ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ ಕತ್ತರಿಸುವ ಶಾಸ್ತ್ರ. "ಊರೆಲ್ಲ ಬಂದು ಕೂತಿದೆ, ಅಪ್ಪನೇ ಇಲ್ಲ! ಹೊಸೆದ ದಾರ ಕೂಡ ತಂದಿಟ್ಟಿಲ್ಲ ನೀನು! ಅಂಗಡಿ ನೂಲು ಕಟ್ಲಾ ನನ್ನ ಮಗಳ ಕಾಲಿಗೆ?" ಅವಳ ಕೂಗು ಕಾಕ್‌ಪಿಟ್ಟಿಗೆಲ್ಲ ಕೇಳಿಸಿತು. ಆಗೈ ಕೇಳಿಸದವರಂತೆ ಎದ್ದು, "ಸ್ವಲ್ಪ ಕಾಲಾಡಿಸ್ಕೊಂಡು ಬರ್ತೀನಿ," ಎಂದು ಇಳಿದುಹೋದರು.

ಅವರು ಮರಳಿ ಬಂದಾಗ ಕುಬಾತ್ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಆಗೈಯ ಹಣೆಯಲ್ಲಿ ಬೆವರು. ಓಡಿ ಬಂದವರ ಹಾಗಿದ್ದರು.

"ಎಷ್ಟಾಯ್ತೋ?"

ಗಡಿಯಾರದ ಪ್ರಕಾರ ನಲವತ್ತೆರಡು ನಿಮಿಷವಾಗಿತ್ತು. ಹನ್ನೊಂದು ನಿಮಿಷ. ಹನ್ನೊಂದರಲ್ಲಿ ಏನು ಮಹಾ ಆಗುತ್ತೆ, ಕಬ್ಬಿಣ ತಾನೇ, ಎಂದುಕೊಂಡ ಕುಬಾತ್. ಈಗ ಹೊರಟರೆ ಐದಕ್ಕೆ ಬಿಷ್ಕೆಕ್ಕಿನ ಮನೆ.

"ಐವತ್ತಮೂರಾಯ್ತು ಆಗೈ. ಚಕ್ರಾನೂ ನೋಡಿದೆ. ಸರಿ ಇದೆ."

ಆಗೈ ಅವನ ಮುಖ ನೋಡಿದರು. ಗಡಿಯಾರ ನೋಡಲಿಲ್ಲ. "ಹಾಗಾದ್ರೆ ನಡಿ," ಎಂದರು.

ಓಟದ ನಡುವೆ, ಇನ್ನೇನು ನೆಲ ಬಿಡಬೇಕು ಎನ್ನುವಾಗ, ಎಡಗಡೆಯ ಚಕ್ರಗಳು ಬ್ರೇಕಿನ ಕಾವಿಗೆ ಗಾಳಿ ಕಳೆದುಕೊಂಡು ಒಂದರ ಹಿಂದೆ ಒಂದು ಕುಸಿದವು. ಆಗೈ ಹೇಗೆ ನಿಲ್ಲಿಸಿದರೋ ಆ ದೇವರೇ ಬಲ್ಲ. ವಿಮಾನ ಓಡುಪಟ್ಟಿ ದಾಟಿ ಹತ್ತಿಯ ಹೊಲಕ್ಕೆ ನುಗ್ಗಿ ಒಂದು ರೆಕ್ಕೆ ಊರಿ ನಿಂತಿತು. ಯಾರೂ ಸಾಯಲಿಲ್ಲ. ಜಾರುಪಟ್ಟಿಯಲ್ಲಿ ಇಳಿಯುವಾಗ ಒಬ್ಬ ಮುದುಕಿಯ ತೋಳು ಮುರಿಯಿತು. ಹೊಲದಲ್ಲಿ ನಿಂತು ಆಗೈ ಕುಬಾತ್‌ನ ಕೈಯಿಂದ ತಮ್ಮ ಗಡಿಯಾರ ಬಿಚ್ಚಿಕೊಂಡರು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಅದನ್ನು ಒಂದು ಸಲ ನೋಡಿದರು. ಆಮೇಲೆ ತಮ್ಮ ಕೈಗೆ ಕಟ್ಟಿಕೊಂಡರು.

* * *

ಅಂಗಳದಲ್ಲಿ, ಐದಂತಸ್ತಿನ ಮನೆಗಳ ನಡುವೆ ನಿಲ್ಲಿಸಿದ ಗುಡಾರದ ಹೊರಗೆ, ಅಕ್ಟೋಬರ್ ಚಳಿಯಲ್ಲಿ ಗಂಡಸರು ಚಹಾ ಕುಡಿಯುತ್ತಿದ್ದರು. ಒಂದು ಕಡೆ ದೊಡ್ಡ ಕೊಪ್ಪರಿಗೆಯಲ್ಲಿ ಕುದುರೆ ಮಾಂಸ ಕುದಿಯುತ್ತಿತ್ತು.

"ಒದ್ದೆ ಅಂಗೀಲಿ ನಡುಗ್ತಾ ನಿಂತಿದ್ದೀಯಲ್ಲ, ಕೈಯಲ್ಲಿ ಕೋಟು ಹಾವು ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀಯ. ಹಾಕ್ಕೊಳಯ್ಯ," ಎಂದ ಮುದಿ ಮೆಕ್ಯಾನಿಕ್ ಶಾರ್ಶೆನ್.

ಕುಬಾತ್ ಹಾಕಿಕೊಂಡ. ಭುಜ ಬಿಗಿಯಾಯಿತು.

"ಮೊಲ್ದೊ ಒಂದಕ್ಕೆ ಸರಿಯಾಗಿ ಹೊರಡ್ಬೇಕು ಅಂದಿದ್ದಾನೆ," ಎಂದು ಶಾರ್ಶೆನ್ ಪಕ್ಕದವನಿಗೆ ಕಣ್ಣು ಮಿಟುಕಿಸಿದ. "ನಮ್ಮ ನಲವತ್ತೆರಡರ ಮಾಂಬೆತ್ ಹನ್ನೊಂದು ನಿಮಿಷ ಮುಂಚೇನೇ ಎದ್ದು ಹೊರಟ್ಬಿಟ್ಟಾನು, ಹುಷಾರು."

"ಥೂ, ಸತ್ತವರ ಮನೆ ಕಣೋ ಇದು."

"ಪ್ರೀತಿಯಿಂದ ಅಂದೆ ಮಾರಾಯ. ಚಿನ್ನದಂಥ ಮನುಷ್ಯ. ಆ ಒಂದಿನ ಏನು ಬಡಿದಿತ್ತೋ ಪಾಪ. ಊರಿಗೆಲ್ಲ ಪಾಠ ಹೇಳಿ ತಾನೇ ಸಿಗರೇಟು ಸೇದೋಕೆ ಹೋದ್ನಂತೆ!"

ಆಗೈ ಸಿಗರೇಟು ಸೇದಿದ್ದನ್ನು ಕಂಡವರಿಲ್ಲ. ಆದರೆ ನಲವತ್ತೆರಡು ನಿಮಿಷಕ್ಕೇ ಹೊರಟದ್ದೇಕೆ ಎಂಬ ವಿಚಾರಣೆಯಲ್ಲಿ ಅವರು ಹೇಳಿದ್ದು ಅದನ್ನೇ. ಹೊತ್ತು ಲೆಕ್ಕ ಹಾಕಿದ್ದು ಯಾರು? ನಾನೇ. ಆ ಹೊತ್ತಿನಲ್ಲಿ ಎಲ್ಲಿದ್ದಿರಿ? ಸಿಗರೇಟು ಸೇದಲು ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಕುಬಾತ್ ಬೂಟಿನ ತುದಿ ನೋಡುತ್ತಾ ಕುಳಿತಿದ್ದ. ಹೊರಗೆ ಬಂದಾಗ ಆಗೈ, "ಮಗು ನಡೀತಿದೆಯೇನೋ?" ಎಂದಷ್ಟೇ ಕೇಳಿದರು. "ನಡೀತಿದೆ ಆಗೈ," ಎಂದ. ಆ ದಿನವೇ ಹೇಳಬೇಕಿತ್ತು. ಮರುದಿನ ಹೇಳೋಣ ಎಂದುಕೊಂಡ. ಮರುದಿನಗಳಿಗೆ ಕೊನೆಯೇ ಇರಲಿಲ್ಲ.

ಅವರಿಗೆ ಮತ್ತೆ ವಿಮಾನ ಕೊಡಲಿಲ್ಲ. ತರಬೇತಿ ಕಟ್ಟಡದ ನೆಲಮಾಳಿಗೆಯಲ್ಲಿ ಮಿತಿಗಳ ಪಾಠ ಹೇಳುವ ಕೆಲಸ ಕೊಟ್ಟರು. ಎಷ್ಟು ತೂಕ, ಎಷ್ಟು ವೇಗ, ಎಷ್ಟು ಎತ್ತರ, ಎಷ್ಟು ಗಾಳಿ; ದಾಟಬಾರದ ಗೆರೆಗಳೆಲ್ಲ ಬಾಯಿಪಾಠ ಬರಬೇಕು. ಆರು ತಿಂಗಳಿಗೊಮ್ಮೆ ಪ್ರತಿ ಪೈಲಟ್ ಅವರ ಮುಂದೆ ನಿಂತು ಒಪ್ಪಿಸಬೇಕು. ಹುಡುಗರು ಕಿಸಕ್ಕನೆ ನಗುತ್ತಿದ್ದರು. ಬ್ರೇಕಿನ ಪಾಠ ಬಂದರೆ ಹಿಂದಿನ ಬೆಂಚಿನಿಂದ ಯಾರೋ ಕೆಮ್ಮುತ್ತಿದ್ದರು. ಆಗೈ ಎಲ್ಲರ ಹತ್ತಿರವೂ ಎಲ್ಲವನ್ನೂ ಕೇಳಿದರು. ಕುಬಾತ್‌ನನ್ನು ಮಾತ್ರ, ಹದಿನಾಲ್ಕು ವರ್ಷದಲ್ಲಿ ಇಪ್ಪತ್ತೆಂಟು ಸಲ ನಿಂತವನನ್ನು, ಆ ಒಂದು ಸಂಖ್ಯೆ ಕೇಳಲಿಲ್ಲ. ಅವನು ಅದನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಹೋಗುತ್ತಿದ್ದ. ಕೇಳಿದ್ದರೆ, ಬೈದಿದ್ದರೆ, ಕಪಾಳಕ್ಕೆ ಎರಡು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ಸಾಲು ನಿಲ್ಲಿ, ಸಾಲು ನಿಲ್ಲಿ," ಎಂದು ಮೊಲ್ದೊ ಕೂಗಿದ. ಶವವನ್ನು ಹೊರಗೆ ತಂದಿದ್ದರು.

ಚಳಿಗೆ ಕುಬಾತ್ ಕೋಟಿನ ಒಳಜೇಬಿಗೆ ಕೈ ಹಾಕಿದ. ಬೆರಳಿಗೆ ಮೆತ್ತನೆಯದೇನೋ ತಗುಲಿತು. ಹಳೆಯ ಕಾಗದದ ಪೊಟ್ಟಣ. ಬಿಚ್ಚಿದ. ಕಾಗದ ಹವಾಮಾನದ ಚೀಟಿ, ಓಶ್‌ನದು. ಮೇಲೆ ಆ ಜುಲೈ ದಿನದ ತಾರೀಖು. ಒಳಗೆ ಕಪ್ಪು ಉಣ್ಣೆ, ಬಿಳಿ ಉಣ್ಣೆ ಸೇರಿಸಿ ಕೈಯಲ್ಲಿ ಹೊಸೆದ ದಾರ. ಒಂದು ವರ್ಷದ ಮಗುವಿನ ಎರಡು ಕಾಲಿಗೆ ಸಾಲುವಷ್ಟು ಉದ್ದ.

ನಿಲ್ದಾಣದ ಗೇಟಿನ ಹೊರಗೆ ಕಾಲ್ಚೀಲ ಹೆಣೆಯುತ್ತಾ ಕೂರುತ್ತಿದ್ದ ಮುದುಕಿಯರು ಕುಬಾತ್‌ನ ಕಣ್ಣಿಗೆ ಕಟ್ಟಿದರು. ಆ ಬಿಸಿಲಲ್ಲಿ ಐವತ್ತೇಳರ ಮನುಷ್ಯ ಅವರ ಎದುರು ಕುಕ್ಕರಗಾಲಲ್ಲಿ ಕೂತು, ಬೇಗ ಬೇಗ ಹೊಸೆದು ಕೊಡಮ್ಮ ಎಂದು ದಾರ ಹೊಸೆಸಿದ್ದಾರೆ. ಹೊತ್ತಿನ ಚಿಂತೆ ಅವರಿಗಿರಲಿಲ್ಲ. ಗಡಿಯಾರ ತಾವು ನಂಬಿದವನ ಕೈಯಲ್ಲಿತ್ತು. ಅಯ್ಯೋ, ನನ್ನ ಆಗೈ!

"ಮಾಂಬೆತ್ ಎಂಥವರಾಗಿದ್ರು, ಜನರೇ?" ಎಂದು ಮೊಲ್ದೊ ಪದ್ಧತಿಯಂತೆ ಕೇಳಿದ.

"ಒಳ್ಳೆಯವರಾಗಿದ್ರು!" ಎಂದವು ಇನ್ನೂರು ಗಂಟಲು.

ಎರ್ಕಿನ್ ಮುಂದೆ ಬಂದ. "ನಮ್ಮಪ್ಪನಿಂದ ಯಾರಿಗಾದ್ರೂ ನೋವಾಗಿದ್ರೆ, ಯಾರದ್ದಾದ್ರೂ ಏನಾದ್ರೂ ಬಾಕಿ ಉಳಿದಿದ್ರೆ ಈಗ್ಲೇ ಹೇಳ್ಬಿಡಿ. ಅವ್ರ ಪರವಾಗಿ ನಾನಿದ್ದೀನಿ."

"ಹನ್ನೊಂದು ನಿಮಿಷ ಬಾಕಿ," ಎಂದು ಶಾರ್ಶೆನ್ ಗಡ್ಡದೊಳಗೇ ಗೊಣಗಿದ. ಹಿಂದೆ ಯಾರೋ ನಗು ನುಂಗಿದರು. ಎರ್ಕಿನ್‌ಗೆ ಕೇಳಿಸಿತು, ಅವನ ಮುಖ ಸುಟ್ಟಂತಾಯಿತು, ಆದರೂ ತಲೆ ತಗ್ಗಿಸಿ ನಿಂತ. ಹದಿನಾಲ್ಕು ವರ್ಷದಿಂದ ರೂಢಿಯಾದ ತಗ್ಗಿಸುವಿಕೆ ಅದು.

"ಅದು ನನ್ನ ಹತ್ರ ಇದೆ," ಎಂದ ಕುಬಾತ್.

ತನ್ನ ದನಿ ತನಗೇ ಬೇರೆಯವರದ್ದೆನಿಸಿತು. ಸಾಲು ಬಿಟ್ಟು ಮುಂದೆ ಬಂದ.

"ಆ ಹನ್ನೊಂದು ನಿಮಿಷ ನನ್ನ ಹತ್ರ ಇದೆ. ಗಡಿಯಾರ ನನ್ನ ಕೈಲಿತ್ತು. ಆಗೈ ಎಷ್ಟಾಯ್ತು ಅಂತ ಕೇಳಿದ್ರು. ನಲವತ್ತೆರಡಾಗಿತ್ತು. ಐವತ್ತಮೂರು ಅಂತ ಸುಳ್ಳು ಹೇಳಿದೆ. ಚಕ್ರ ನೋಡ್ಲೇ ಇಲ್ಲ, ನೋಡಿದೆ ಅಂದೆ. ಮನೆಗೆ ಹೋಗೋ ಆತುರ ನನಗೆ. ಅವ್ರು ಸಿಗರೇಟು ಸೇದೋಕೆ ಹೋಗಿರ್ಲಿಲ್ಲ, ನನ್ನ ಮಗಳ ಕಾಲಿಗೆ ದಾರ ತರೋಕೆ ಹೋಗಿದ್ರು." ಅಂಗೈ ಬಿಚ್ಚಿ ತೋರಿಸಿದ. "ವಿಚಾರಣೇಲಿ ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ಮನಿದ್ದೆ. ಇವತ್ತಿನವರೆಗೂ ಸುಮ್ಮನಿದ್ದೆ."

ಶಾರ್ಶೆನ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಗುಡಾರದೊಳಗೆ ಬುರುಲ್ಚಾಳ ಹಾಡು ನಡುವೆಯೇ ನಿಂತುಬಿಟ್ಟಿತ್ತು.

ಎರ್ಕಿನ್ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡ ಕುಬಾತ್. ಹೊಡೆಯಲಿ ಎಂದು ಆಸೆಪಟ್ಟ.

"ನಮ್ಮಪ್ಪ ಮದುವೆ ಮನೆಗಳಿಗೆ ಹೋಗೋದು ಬಿಟ್ಟಿದ್ರು, ಗೊತ್ತಿತ್ತಾ ನಿನಗೆ?" ಇಷ್ಟು ದಿನ ನೀವು ಎನ್ನುತ್ತಿದ್ದವನು.

"ಗೊತ್ತಿತ್ತು."

"ಗೊತ್ತಿತ್ತು," ಎಂದು ಎರ್ಕಿನ್ ಅದನ್ನೇ ತಿರುಗಿ ಹೇಳಿದ. ತನ್ನ ಜಾಗಕ್ಕೆ ಹೋಗಿ ನಿಂತ. ಮೊಲ್ದೊ ಗಂಟಲು ಸರಿಮಾಡಿಕೊಂಡು ಪ್ರಾರ್ಥನೆ ಶುರುಮಾಡಿದ.

* * *

ಸ್ಮಶಾನಕ್ಕೆ ಹೋಗುವ ಬಸ್ಸಿನಲ್ಲಿ ಕುಬಾತ್‌ನ ಪಕ್ಕದ ಜಾಗ ಖಾಲಿಯಾಗೇ ಉಳಿಯಿತು. ಗುಂಡಿಯ ಬಳಿಯೂ ಅವನು ಎಲ್ಲರ ಹಿಂದೆ ನಿಂತ. ಕೆಳಗೆ ಇಳಿಯುವವರು ಯಾರು ಎಂದು ಮೊಲ್ದೊ ಕೇಳಿದ. ಎರ್ಕಿನ್ ತಲೆಯ ಕಡೆ ಇಳಿದ. ಆಮೇಲೆ ಮೇಲಿದ್ದ ಮುಖಗಳಲ್ಲಿ ಹುಡುಕಿದ.

"ಕಾಲಿನ ಕಡೆ ಅವನು ಇಳೀಲಿ," ಎಂದ.

ಜನ ದಾರಿ ಬಿಟ್ಟರು. ಕುಬಾತ್ ಇಳಿದ. ಇಬ್ಬರೂ ಸೇರಿ ಆಗೈಯನ್ನು ಗುಂಡಿಯ ಪಕ್ಕಕ್ಕೆ ಕೊರೆದ ಮಣ್ಣಿನ ಗೂಡಿನಲ್ಲಿ ಮಲಗಿಸಿದರು. ಹಾಗೆ ಮಲಗಿಸಿದ ಮೇಲೆ ಬಟ್ಟೆಯ ಗಂಟುಗಳನ್ನು ಬಿಚ್ಚಬೇಕು. ಕಟ್ಟಿದ ಕಾಲಲ್ಲಿ ಯಾರನ್ನೂ ಆಚೆಗೆ ಕಳಿಸುವುದಿಲ್ಲ. ಎರ್ಕಿನ್ ತಲೆಯ ಗಂಟು ಬಿಚ್ಚಿದ, ಸೊಂಟದ್ದು ಬಿಚ್ಚಿದ. ಕಾಲಿನ ಗಂಟು ಬೆಳಿಗ್ಗೆ ಕುಬಾತ್‌ನೇ ಹಾಕಿದ್ದು. ನೀರು ತಾಗಿ ಬಿಗಿದುಹೋಗಿತ್ತು. ಉಗುರು ಹಾಕಿದರೂ ಬರಲಿಲ್ಲ.

ಬೆಟ್ಟದ ಕಡೆಯಿಂದ ಒಂದು ಜೆಟ್ ಇಳಿಯಲು ತಗ್ಗಿ ಬಂದು ತಲೆಯ ಮೇಲೆ ಹಾದುಹೋಯಿತು. ಯಾರೋ ಚಾಕು ಚಾಚಿದರು. "ಬೇಡ," ಎಂದ ಎರ್ಕಿನ್ ಕೆಳಗಿನಿಂದ. "ಎಷ್ಟು ಹೊತ್ತಾದ್ರೂ ಆಗ್ಲಿ. ಅವನೇ ಬಿಚ್ಚಲಿ."

ಇನ್ನೂರು ಜನ ಗುಂಡಿಯ ಸುತ್ತ ಕಾಯುತ್ತಾ ನಿಂತರು. ಕುಬಾತ್ ಮಣ್ಣಿನಲ್ಲಿ ಮೊಣಕಾಲೂರಿ, ಆಗೈಯ ಎರಡು ಪಾದಗಳನ್ನು ಮಡಿಲಿಗೆ ತೆಗೆದುಕೊಂಡು, ಬಗ್ಗಿ, ಆ ಗಂಟಿಗೆ ಹಲ್ಲು ಹಾಕಿದ.