ಗಾಳಿ ಸರಿಯಾದ ಮೇಲೆ

ಬಿಪಿ ನೋಡುವ ಪಟ್ಟಿ ಉಬ್ಬುತ್ತಿದೆ, ಗಂಡನ ಎಡತೋಳನ್ನು ಹಿಂಡಿ ಹಿಡಿಯುತ್ತಿದೆ, ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಾಳೆ, ಬಲತೋಳು ಯಾರೋ ಮರೆತುಹೋದ ಸಾಮಾನಿನಂತೆ ಆಸ್ಪತ್ರೆಯ ಹಾಸಿಗೆಯ ಮೇಲೆ ಬಿದ್ದಿದೆ — ಅದೇ ಕೈಯಲ್ಲವೇ ಲಾರಿಯ ಚಕ್ರವನ್ನು ಒಬ್ಬನೇ ಎತ್ತಿ ನಿಲ್ಲಿಸುತ್ತಿದ್ದದ್ದು, ಟೈರನ್ನು ಗೆಣ್ಣಿನಿಂದ ಕುಟ್ಟಿ, ಇನ್ನೆರಡು ಪಾಯಿಂಟ್ ಗಾಳಿ ಹಾಕ್ಬೇಕು ಎನ್ನುತ್ತಿದ್ದದ್ದು, ಮೀಟರು ಹಚ್ಚಿದರೆ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ, ಪಂಕ್ಚರ್ ಅಂಗಡಿಯ ಮಹಾರಾಜ, ಡಾಕ್ಟರು ಮೊದಲ ಸಲ ನೂರ ಎಂಬತ್ತು, ನೂರ ಹತ್ತು ಅಂದಾಗ ನಕ್ಕುಬಿಟ್ಟಿದ್ದ, ಗಾಳಿ ವಿಷ್ಯ ನನಗೇ ಹೇಳ್ತಾರಲ್ಲೇ, ಮೇಲಿನ ನಂಬರು ಲೋಡ್ ಹಾಕ್ದಾಗ, ಕೆಳಗಿಂದು ಖಾಲಿ ಗಾಡಿ, ಅಷ್ಟೇ ಕಣೆ, ಅವಳೂ ತಲೆಯಾಡಿಸಿದ್ದಳು, ಅವನು ಹೇಳಿದ ಮೇಲೆ ಮುಗಿಯಿತು. ಮಾತ್ರೆ ನುಂಗಿದ, ಒಂದೇ ತಿಂಗಳಿಗೆ ನೂರ ಇಪ್ಪತ್ತು, ಎಂಬತ್ತು, ಎಂಥ ಖುಷಿ, ಮರುದಿನ ಅವಳು ಮಾತ್ರೆ ಹಿಡಿದು ಹೋದರೆ ಹಟಮಾರಿ ಮಗುವಿನಂತೆ ತುಟಿ ಬಿಗಿದು ಕೂತ, ಗಾಳಿ ಸರಿಯಾದ್ಮೇಲೂ ಪಂಪ್ ಹಚ್ಕೊಂಡೇ ಕೂತ್ರೆ ಟೈರ್ ಏನಾಗುತ್ತೆ ಹೇಳು, ಅವಳಿಗೂ ನಗು, ನಿಮ್ಮ ತಲೆ ಅಂದು ಮಾತ್ರೆಯನ್ನು ಡಬ್ಬಿಗೆ ಹಾಕಿದಳು, ತಲೆನೋವಿಲ್ಲ, ಸುಸ್ತಿಲ್ಲ, ಎತ್ತಿನಂತೆ ದುಡಿಯುತ್ತಿದ್ದ, ಏನೂ ಇಲ್ಲದವನಿಗೆ ಔಷಧಿ ಯಾಕೆ — ಮೊನ್ನೆ ಸ್ಪ್ಯಾನರ್ ಕೈಯಿಂದ ಜಾರಿತು, ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿಯೇ ಉಳಿದ, ಮಾತು ಅಲ್ಲೇ ನಿಂತಿತು.

ಸರಿಯಾಗಿದ್ದಿದ್ದೇ ಮಾತ್ರೆಯಿಂದ ಅಮ್ಮ, ಡಾಕ್ಟರು ಗದರಲಿಲ್ಲ, ಗದರಿದ್ದರೆ ಎಷ್ಟೋ ಚೆನ್ನಾಗಿತ್ತು, ಬಿಟ್ರೆ ಮತ್ತೆ ಏರುತ್ತೆ, ಸದ್ದಿಲ್ದೆ ಏರುತ್ತೆ, ಮೇಲಿಂದು ಹೃದಯ ಹಿಂಡಿದಾಗ ರಕ್ತ ನಾಳದ ಗೋಡೆಗೆ ಒತ್ತೋ ಜೋರು, ಕೆಳಗಿಂದು ಎರಡು ಬಡಿತದ ನಡುವೆ ಹೃದಯ ಸಡಿಲ ಬಿಟ್ಟಾಗ್ಲೂ ಉಳ್ಕೊಳೋದು — ಅಂದರೆ ಅವನು ಸ್ಟೂಲಿನ ಮೇಲೆ ಕಾಲು ಚಾಚಿ ಟೀ ಕುಡಿಯುವಾಗಲೂ, ಅವಳ ಪಕ್ಕದಲ್ಲಿ ಗೊರಕೆ ಹೊಡೆಯುವಾಗಲೂ ಒಳಗೆ ಬಿಗಿ ಬಿಟ್ಟಿರಲಿಲ್ಲ, ಅಯ್ಯೋ, ವಿರಾಮದಲ್ಲೂ ವಿರಾಮವಿಲ್ಲ, ಮಗ್ಗುಲಲ್ಲೇ ಇದ್ದವಳಿಗೆ ಕೇಳಿಸಲಿಲ್ಲ. ಪಟ್ಟಿ ಇಳಿಯಿತು, ನರ್ಸು ಅವನ ಕಿವಿಯ ಹತ್ತಿರ ಬಗ್ಗಿ, ನೂರ ಇಪ್ಪತ್ತಾರು, ಎಂಬತ್ತೆರಡು, ಈಗ ಚೆನ್ನಾಗಿದೆ ಅಣ್ಣ, ಎಂದಳು, ಅವನ ಕಣ್ಣು ನರ್ಸಿನ ಕಡೆ ತಿರುಗಿತು, ತಿಳಿಯಿತು, ಅವನಿಗೆ ತಿಳಿಯುತ್ತಿದೆ, ಮೊನ್ನೆಯಿಂದ ಯಾರ ಮಾತಿಗೂ ತಿರುಗದ ಕಣ್ಣು, ಒಳಗೆ ಅವನು ಇದ್ದಾನೆ, ಇದ್ದಾನೆ, ಅವಳಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು, ಪುಡಿ ಮಾಡಿದ ಮಾತ್ರೆಯನ್ನು ಚಮಚದಲ್ಲಿ ಕಲಸಿ ಬಾಯಿಯ ಹತ್ತಿರ ಒಯ್ದಳು, ರೀ, ಸ್ವಲ್ಪ ಬಾಯಿ ತೆಗೀರಿ — ಎಡಗೈ ಮೆಲ್ಲಗೆ ಎದ್ದು ಚಮಚವನ್ನು ಆಚೆ ತಳ್ಳಿತು, ಚೆನ್ನಾಗಿದೆಯಲ್ಲ, ಸರಿಯಾಯಿತಲ್ಲ, ಇನ್ನು ಯಾಕೆ, ಮಾತಿಲ್ಲದೆಯೂ ಅವಳಿಗೆ ಕೇಳಿಸಿತು, ಒಂದೊಂದು ಪದವೂ ಕೇಳಿಸಿತು, ಬೇಡ ರೀ, ಹಾಗಲ್ಲ ರೀ, ಅದು ಟೈರಲ್ಲ ರೀ, ಬಾಯಿ ತೆಗೀರಿ, ಬಲಗಡೆಯ ತುಟಿ ಜೋತು ತಾನಾಗಿಯೇ ತೆರೆದಿದೆ, ಎಡಗಡೆಯದು ಬಿಗಿದಿದೆ, ಬಾಯಿ ತೆಗೀರಿ, ಬಿಗಿದೇ ಇದೆ.