ನನ್ನ ತಂಗಿಯ ಎರಡನೇ ಪುಟ

ನನ್ನದು ಹೊಲಿಗೆ ಅಂಗಡಿ. ಒಂದು ಮಿಷನ್ನು, ಕತ್ತರಿಸಲು ಒಂದು ಉದ್ದನೆಯ ಮೇಜು, ಗೋಡೆಯಲ್ಲಿ ಹನ್ನೆರಡು ಮೊಳೆ. ಮೊಳೆಗಳಲ್ಲಿ ಪೇಪರ್ ಕಟಿಂಗ್‌ಗಳು ತೂಗುತ್ತಿರುತ್ತವೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದ ಮೇಲೆ ಅಳತೆ ಗುರುತು ಮಾಡಿ, ಅದನ್ನು ಕತ್ತರಿಸಿ ನೋಡಿಕೊಳ್ಳುವುದು ನನ್ನ ಪದ್ಧತಿ. ಬಟ್ಟೆ ಕೆಟ್ಟರೆ ಗಿರಾಕಿ ಸುಮ್ಮನೆ ಬಿಡುವುದಿಲ್ಲ, ಕಾಗದ ಕೆಟ್ಟರೆ ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಹಾಗೆಂದೇ ನಂಬಿಕೊಂಡಿದ್ದೆ.

ಕಾಗದವನ್ನು ರದ್ದಿ ಅಂಗಡಿಯಿಂದ ತರುತ್ತೇನೆ. ಒಂದು ಬದಿ ಅಚ್ಚಾಗಿ ಇನ್ನೊಂದು ಬದಿ ಖಾಲಿಯಿರುವ ದಪ್ಪ ಹಾಳೆ ಸಿಕ್ಕರೆ ನನಗೆ ಎಲ್ಲಿಲ್ಲದ ಖುಷಿ. ನಾಲ್ಕಾರು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸುತ್ತೇನೆ. ಅಚ್ಚಿನ ಬದಿ ಕೆಳಗೆ, ಖಾಲಿ ಬದಿ ಮೇಲೆ. ಕೆಳಗೆ ಏನಿದೆ ಎಂದು ತಿರುಗಿಸಿ ನೋಡುವ ಪುರುಸೊತ್ತು ನನಗೆಲ್ಲಿದೆ?

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಮೂವತ್ತು ವರ್ಷ ಶಾಸನಸಭೆಯಲ್ಲಿ ಕುಳಿತು ಸದಸ್ಯರಾಡಿದ ಮಾತುಗಳನ್ನೆಲ್ಲ ಬರೆದುಕೊಂಡು ನಿವೃತ್ತರಾದವರು. ನಾವೆಲ್ಲ ಅವರನ್ನು ವರದಿ ಅಕ್ಕ ಎನ್ನುತ್ತೇವೆ. ಈಗಲೂ ಸದನದ ಪ್ರಶ್ನೋತ್ತರ ಓದದಿದ್ದರೆ ಅವರಿಗೆ ದಿನ ಕಳೆಯುವುದಿಲ್ಲ. ಹೋದ ತಿಂಗಳು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಗಟ್ಟಿಯಾಗಿ ಓದಿದರು.

"ಕೇಳು ಇಲ್ಲಿ. ನಮ್ಮ ಕ್ಷೇತ್ರದ ಸದಸ್ಯೆ ಪ್ರಶ್ನೆ ಕೇಳಿದ್ದಾರೆ. ಸರ್ಕಾರಿ ಸೇವೆಗೆ ಅಂತ ಜನ ಕೊಟ್ಟ ಅರ್ಜಿಗಳನ್ನ ಕೆಲಸ ಮುಗಿದ ಮೇಲೆ ಏನು ಮಾಡ್ತೀರಿ? ಖಾಸಗಿ ಮಾಹಿತಿ ಕಾನೂನಿನ ಪ್ರಕಾರ ಅದಕ್ಕೆ ಯಾರು ಹೊಣೆ?"

"ಮಂತ್ರಿಗಳು ಏನಂದ್ರು?"

"ಎಲ್ಲ ಮಾಹಿತೀನೂ ಕಂಪ್ಯೂಟರಿಗೆ ಏರಿಸಿ ಭದ್ರ ಮಾಡಿದ್ದೇವೆ, ಹೊರಗೆ ಹೋಗಿದೆ ಅಂತ ಒಂದು ದೂರೂ ಬಂದಿಲ್ಲ ಅಂದ್ರು."

ನಾನು ಮೂಗು ಮುರಿದೆ. "ಮಾಡೋಕೆ ಬೇರೆ ಕೆಲಸ ಇಲ್ವಾ ಆಯಮ್ಮಂಗೆ? ನಲ್ಲೀಲಿ ನೀರು ಬರ್ತಿಲ್ಲ, ಅದನ್ನ ಕೇಳ್ಬಾರ್ದಾ? ಅರ್ಜಿ ಅಂತೆ, ಮಾಹಿತಿ ಅಂತೆ! ನಮ್ಮಂಥೋರ ಹತ್ರ ಮುಚ್ಚಿಡೋಕೆ ಏನಿದೆ ಅಕ್ಕಾ?"

"ನೀರಿನದ್ದೂ ಕೇಳಿದ್ದಾರೆ, ಮುಂದಿನ ಪುಟದಲ್ಲಿದೆ" ಎಂದು ಅಕ್ಕ ಹಾಳೆ ಮಗುಚಿದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ನನ್ನ ತಂಗಿಯ ವಿಷಯ. ಅವಳು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಆರು ವರ್ಷದಿಂದ ತಾತ್ಕಾಲಿಕ. ಈ ಸಲ ಖಾಯಂ ಮಾಡುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. ಹೋದ ಶುಕ್ರವಾರ ಸಂಜೆ ನೇರ ನನ್ನ ಅಂಗಡಿಗೆ ಬಂದು, ಚಪ್ಪಲಿಯನ್ನೂ ಬಿಡದೆ ಮೇಜಿಗೆ ಒರಗಿ ನಿಂತಳು.

"ಅಕ್ಕಾ, ಪಟ್ಟೀಲಿ ನನ್ನ ಹೆಸರಿಲ್ಲ. ಸೋಮವಾರ ಮೇಲಕ್ಕೆ ಕಳಿಸ್ತಾರಂತೆ. ದೊಡ್ಡ ಮೇಡಂನ ಕೇಳಿದ್ರೆ ಮುಖ ಕೊಟ್ಟು ಮಾತಾಡ್ಲಿಲ್ಲ. ನಾನೇನು ತಪ್ಪು ಮಾಡ್ದೆ?"

ನನಗೂ ಅರ್ಥವಾಗಲಿಲ್ಲ. ಅವಳ ಸೊಂಟಕ್ಕೆ ಜೋತುಬೀಳದ ಮಗುವೇ ಆ ಶಿಶುವಿಹಾರದಲ್ಲಿಲ್ಲ. ಅಲ್ಲಿನ ಮುಖ್ಯಸ್ಥೆ ದೊಡ್ಡ ಮೇಡಂ ನನ್ನ ಗಿರಾಕಿಯೇ, ಹಿಂದಿನ ವಾರವಷ್ಟೇ ಕೋಟು ಹೊಲಿಸಿಕೊಂಡಿದ್ದರು. ಇನ್ನೊಂದನ್ನು ಮನೆಯಲ್ಲಿ ತಾವೇ ಹೊಲಿದುಕೊಳ್ಳುತ್ತೇನೆಂದು ಕೇಳಿದ್ದಕ್ಕೆ, ಕೋಟಿನ ಬೆನ್ನು ಮತ್ತು ಮುಂಭಾಗದ ಪೇಪರ್ ಕಟಿಂಗನ್ನು ನಾನೇ ಸುತ್ತಿ ಕೊಟ್ಟಿದ್ದೆ. ತೋಳಿನದ್ದು ಮಾತ್ರ ಸ್ವಲ್ಪ ಸರಿಮಾಡುವುದಿತ್ತೆಂದು ಮೊಳೆಯಲ್ಲೇ ಉಳಿದಿತ್ತು.

ಶನಿವಾರ ಬೆಳಿಗ್ಗೆ ಗಾಳಿಗೆ ಆ ತೋಳು ಮೊಳೆಯಿಂದ ಜಾರಿ ಬಿತ್ತು. ಸ್ಟೂಲಿನ ಮೇಲಿದ್ದ ವರದಿ ಅಕ್ಕ ಬಗ್ಗಿ ಎತ್ತಿಕೊಂಡರು. ಅಚ್ಚಿನ ಬದಿಯ ಮೇಲೆ ಅವರ ಕಣ್ಣು ಬಿತ್ತು. ತಟ್ಟನೆ ಅದನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟು, ಮೇಲೆ ತಮ್ಮ ಕೈ ಇಟ್ಟರು.

"ಇದು ನಾನು ಓದ್ಬಾರದ ಕಾಗದ. ನಿನ್ನ ಹತ್ರ ಹೇಗೆ ಬಂತು?"

ನಾನು ನಗುತ್ತಲೇ ತಿರುಗಿಸಿ ನೋಡಿದೆ. ನಗು ಅಲ್ಲೇ ಇಂಗಿಹೋಯಿತು. ಅದು ಸರ್ಕಾರಿ ಆಸ್ಪತ್ರೆಯ ಚಿಕಿತ್ಸಾ ನೆರವಿನ ಅರ್ಜಿ, ಪುಟ ಒಂದು. ಹೆಸರು, ಮನೆ ವಿಳಾಸ, ಕೆಲಸ ಮಾಡುವ ಜಾಗ. ಅಕ್ಷರ ನನ್ನ ತಂಗಿಯದು. ಆ ಅಕ್ಷರವನ್ನು ಕೈ ಹಿಡಿದು ತಿದ್ದಿಸಿದವಳು ನಾನು.

ಎರಡು ವರ್ಷದ ಹಿಂದೆ ಅವಳು ಅದನ್ನು ತುಂಬುವಾಗ ಅವಳ ಕೂಸನ್ನು ಎತ್ತಿಕೊಂಡು ನಾನೇ ಪಕ್ಕದಲ್ಲಿ ಕುಳಿತಿದ್ದೆ. ಎರಡನೇ ಪುಟದಲ್ಲಿ "ನಿಮ್ಮ ತೊಂದರೆ ಏನು?" ಎಂಬ ಪ್ರಶ್ನೆ ಇತ್ತು. ಅವಳು ಬರೆದಿದ್ದಳು: "ಹೆರಿಗೆಯಾದಾಗಿನಿಂದ ನಿದ್ದೆ ಇಲ್ಲ. ಮಗು ಅತ್ತರೆ ಅದರ ಹತ್ತಿರ ಹೋಗಲು ಭಯ." ಇದು ಗೊತ್ತಿದ್ದದ್ದು ಅವಳ ಗಂಡನಿಗೆ, ನನಗೆ, ವೈದ್ಯರಿಗೆ. ಹೆತ್ತ ಅಮ್ಮನಿಗೂ ಹೇಳಿರಲಿಲ್ಲ.

ತೋಳಿನಲ್ಲಿರುವುದು ಒಂದನೇ ಪುಟ. ಹಾಗಾದರೆ ಎರಡನೆಯದು ಎಲ್ಲಿ? ಒಂದೇ ಕಟ್ಟಿನ ಹಾಳೆಗಳನ್ನು ನಾನು ಒಂದರ ಪಕ್ಕ ಒಂದು ಅಂಟಿಸುವವಳು. ತೋಳಿನ ಪಕ್ಕದ್ದು ಬೆನ್ನು.

"ಅಯ್ಯೋ ಅಕ್ಕಾ, ಬೆನ್ನಿನ ಕಟಿಂಗ್ ದೊಡ್ಡ ಮೇಡಂ ಹತ್ರ ಇದೆ! ನಾನೇ ಸುತ್ತಿ ಕೊಟ್ಟೆ! ನನ್ನ ಕೈಯಾರೆ!"

ನಾನು ಗೋಡೆಯ ಕಟಿಂಗ್‌ಗಳನ್ನೆಲ್ಲ ಕಿತ್ತು ಅಚ್ಚಿನ ಬದಿ ಮೇಲಾಗಿ ಮೇಜಿನ ಮೇಲೆ ಹರಡಿದೆ. ಯಾರದೋ ಕ್ಷಯರೋಗದ ಚಿಕಿತ್ಸೆ ಒಂದು ಪ್ಯಾಂಟಿನ ಕಾಲಿನಲ್ಲಿತ್ತು. ಗಂಡ ಹೊಡೆಯುತ್ತಾನೆಂದು ಒಬ್ಬಳು ಕೊಟ್ಟ ದೂರು ಒಂದು ಅಂಗಿಯ ಕಾಲರಿನಲ್ಲಿತ್ತು. ಅವಳು ನನ್ನ ಗಿರಾಕಿ. ಅವಳ ಗಂಡನೂ ನನ್ನ ಗಿರಾಕಿ.

"ಕಂಪ್ಯೂಟರಲ್ಲಿ ಭದ್ರ ಮಾಡಿದ್ದೇವೆ ಅಂದ್ರಲ್ಲ ಅಕ್ಕಾ?"

"ಮಾಡಿದ್ದಾರೆ. ಏರಿಸಿದ ಮೇಲೆ ಕಾಗದಾನ ಕಟ್ಟು ಕಟ್ಟಿ ರದ್ದಿಗೆ ಹಾಕಿದ್ದಾರೆ" ಎಂದರು ಅಕ್ಕ. "ದೂರು ಬಂದಿಲ್ಲ ಅಂದಿದ್ದೂ ನಿಜವೇ. ಹೊರಗೆ ಹೋಗಿದೆ ಅಂತ ಗೊತ್ತಿದ್ರೆ ತಾನೇ ಯಾರಾದ್ರೂ ದೂರು ಕೊಡೋದು?"

ಅಂಗಡಿಯ ಬಾಗಿಲನ್ನೂ ಎಳೆಯದೆ ಶಿಶುವಿಹಾರಕ್ಕೆ ಓಡಿದೆ. ಮಕ್ಕಳು ಮಲಗುವ ಹೊತ್ತು. ದೊಡ್ಡ ಮೇಡಂ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಮೇಜಿನ ಡ್ರಾಯರಿನಿಂದ ಮಡಿಸಿದ ಕಟಿಂಗನ್ನು ತೆಗೆದರು.

"ಓದಿಬಿಟ್ಟೆ" ಎಂದರು. "ಬಟ್ಟೆ ಮೇಲೆ ಹಾಸೋವಾಗ ಕಣ್ಣಿಗೆ ಬಿತ್ತು. ಕೆಳಗಿನ ಸಹಿ ದಿನಾ ಹಾಜರಿ ಪುಸ್ತಕದಲ್ಲಿ ನೋಡೋದೇ. ನೀವೇ ಹೇಳಿ, ಮಕ್ಕಳ ಹತ್ರ ಹೋಗೋಕೆ ಭಯ ಅಂತ ಬರೆದವಳ ಕೈಗೆ ಮೂವತ್ತು ಮಕ್ಕಳನ್ನ ಹೇಗೆ ಒಪ್ಪಿಸ್ಲಿ? ಹೆಸರು ಹೊಡೆದು ಹಾಕ್ದೆ. ಕಾರಣ ಹೇಳೋಕೆ ಬಾಯಿ ಬರ್ಲಿಲ್ಲ."

"ಅದು ಎರಡು ವರ್ಷದ ಹಿಂದಿನ ಮಾತು ಮೇಡಂ! ಅಲ್ಲಿ ಮೂರನೇ ಪುಟಾನೂ ಒಂದಿದೆ. ಚಿಕಿತ್ಸೆ ಮುಗಿದ ಮೇಲೆ ಪೂರ್ತಿ ವಾಸಿಯಾಗಿದೆ ಅಂತ ವೈದ್ಯರು ಬರೆದು ಸಹಿ ಹಾಕಿರೋದು. ನಿಮ್ಮ ಕೋಟಿಗೆ ಬಂದಿದ್ದು ಎರಡನೇದು ಮಾತ್ರ."

ಮೇಡಂ ಬೆಚ್ಚಿ ನನ್ನನ್ನೇ ನೋಡಿದರು. "ಮೂರನೇದು ಎಲ್ಲಿದೆ?"

"ಯಾರ ಪ್ಯಾಂಟಲ್ಲಿದೆಯೋ, ಯಾರ ಫ್ರಾಕಲ್ಲಿದೆಯೋ" ಎನ್ನುವಷ್ಟರಲ್ಲಿ ನನಗೆ ಅಳು ಉಕ್ಕಿ ಬಂತು. ಎರಡನೇ ಪುಟವನ್ನು ಇಸಿದುಕೊಂಡು ಹೊರಬಿದ್ದೆ.

ಆ ಮಧ್ಯಾಹ್ನ ನಾನೂ ಅಕ್ಕನೂ ಹೊಲಿದು ಮುಗಿದ ಬಟ್ಟೆಗಳ ಕಟಿಂಗ್ ಮೂಟೆಯನ್ನು ಬಿಚ್ಚಿದೆವು. ಅಕ್ಕ ಪುಟದ ಸಂಖ್ಯೆ, ಆಸ್ಪತ್ರೆಯ ಮೊಹರು ಬಿಟ್ಟು ಬೇರೇನನ್ನೂ ಓದಲಿಲ್ಲ, ನನಗೂ ಓದಲು ಬಿಡಲಿಲ್ಲ. ಒಂದು ಶಾಲಾ ಚಡ್ಡಿಯ ಹಿಂಭಾಗದಲ್ಲಿ ಮೂರನೇ ಪುಟ ಸಿಕ್ಕಿತು. ವೈದ್ಯರ ಸಹಿಯ ಅರ್ಧಭಾಗ ನನ್ನ ಕತ್ತರಿಗೆ ಹೋಗಿತ್ತು.

ತಂಗಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಅವಳ ಎರಡು ವರ್ಷದ ಮಗಳು ಬಂದು ತೊಡೆಯೇರಿ ಕುಳಿತಳು.

"ನಂಬಿ ಬರೆದಿದ್ದೆ ಅಕ್ಕಾ" ಎಂದಳು. "ಗಂಡನಿಗೆ ಹೇಳೋಕೂ ನಾಚಿಕೆ ಆಗಿತ್ತು. ಸರ್ಕಾರಿ ಕಾಗದ ಅಲ್ವಾ, ಒಳಗೇ ಇರುತ್ತೆ ಅಂದ್ಕೊಂಡಿದ್ದೆ."

"ನಾನೇ ಹೋಗಿ ಮೇಡಂಗೆ ಈ ಮೂರನೇ ಪುಟ ತೋರಿಸ್ತೀನಿ. ನೀನು ಅಳಬೇಡ."

ಅವಳು ತಲೆ ಎತ್ತಿದಳು. ಅವಳಿಗೆ ಅಂಥ ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. "ಬೇಡ! ಇಷ್ಟು ದಿನ ಎಲ್ಲರ ಕೈಯಲ್ಲೂ ಓಡಾಡಿದ್ದು ಸಾಕು. ತೋರಿಸ್ಬೇಕಾ ಬೇಡ್ವಾ ಅಂತ ನಾನು ಯೋಚನೆ ಮಾಡ್ತೀನಿ. ತೋರಿಸೋದಾದ್ರೆ ನನ್ನ ಕೈಯಿಂದ."

ಜೊತೆಗೆ ಬಂದಿದ್ದ ವರದಿ ಅಕ್ಕ ಮೆಲ್ಲಗೆ ಹೇಳಿದರು: "ಖಾಸಗಿ ಮಾಹಿತಿ ಕಾನೂನು ಅಂದ್ರೆ ಇದೇ ಕಣಮ್ಮಾ. ನಿನ್ನ ವಿಷಯ ಯಾರಿಗೆ, ಯಾತಕ್ಕೆ ಅನ್ನೋದನ್ನ ನೀನು ಹೇಳ್ಬೇಕು. ಸದಸ್ಯೆಗೆ ಒಂದು ಪತ್ರ ಬರೆಯೋಣ. ಅವರು ಇನ್ನೊಂದು ಸಲ ಪ್ರಶ್ನೆ ಕೇಳ್ಲಿ."

"ಬೇಡಪ್ಪ! ಸದನದಲ್ಲಿ ನನ್ನ ಹೆಸರು ಬಂದ್ರೆ ಊರಿಗೆಲ್ಲಾ ಗೊತ್ತಾಗುತ್ತೆ."

"ಹೆಸರು ಯಾಕೆ ಬರುತ್ತೆ? ಮೂವತ್ತು ವರ್ಷ ಬರೆದಿದ್ದೀನಿ ನಾನು. ಯಾವ ಕಚೇರಿ, ಯಾವ ಥರದ ಅರ್ಜಿ, ಎಷ್ಟು ಹಾಳೆ, ಅಷ್ಟೇ ಸಾಕು. ಪ್ರಶ್ನೆ ಕೇಳೋರು ಸದಸ್ಯೆ. ಉತ್ತರ ಕೊಡಬೇಕಾದೋರು ಮಂತ್ರಿಗಳು. ಕೊಟ್ಟ ಉತ್ತರ ದಾಖಲೆಯಲ್ಲಿ ಉಳಿಯುತ್ತೆ, ನಾಳೆ ಹಾಗಂದೇ ಇಲ್ಲ ಅನ್ನೋಕಾಗಲ್ಲ."

ತಂಗಿ ಮಗಳ ತಲೆ ಸವರುತ್ತಾ ಯೋಚಿಸಿದಳು. "ಹೆಸರು ಬೇಡ. ಪ್ರಶ್ನೆ ಮಾತ್ರ ಬರೀರಿ" ಎಂದಳು.

ಸೋಮವಾರ ಬೆಳಿಗ್ಗೆ, ಪಟ್ಟಿ ಹೋಗುವ ಮೊದಲು, ಅವಳೇ ಮೂರು ಪುಟಗಳನ್ನೂ ಹಿಡಿದು ಮೇಡಂ ಕೋಣೆಗೆ ಹೋದಳು. ಅರ್ಧ ಸಹಿ ಸಾಲದೆಂದು ಮೇಡಂ, ಅವಳ ಒಪ್ಪಿಗೆ ಪಡೆದು, ಅವಳ ಎದುರಿಗೇ ವೈದ್ಯರಿಗೆ ಫೋನ್ ಮಾಡಿದರು. ಮಾತು ಮುಗಿದ ಮೇಲೆ ಪಟ್ಟಿಯಲ್ಲಿ ಅವಳ ಹೆಸರನ್ನು ಮತ್ತೆ ಬರೆದರು. "ನನ್ನನ್ನ ಕ್ಷಮಿಸಮ್ಮ, ನಿನ್ನನ್ನೇ ಕೇಳ್ಬೇಕಿತ್ತು" ಎಂದರಂತೆ. ತಂಗಿಗೆ ಕೆಲಸ ಖಾಯಂ ಆಯಿತು. ಆದರೆ ಈಗಲೂ ಯಾರಾದರೂ ಕಿವಿಯಲ್ಲಿ ಪಿಸುಗುಟ್ಟಿದರೆ, ತನ್ನ ಸುದ್ದಿಯೇ ಇರಬೇಕೆಂದು ಅವಳ ಮುಖ ಬಾಡುತ್ತದೆ. ಅದನ್ನು ಯಾವ ಪಟ್ಟಿಯೂ ಸರಿಮಾಡಲಾರದು.

ನಮ್ಮ ಪತ್ರ ಸದಸ್ಯೆಯ ಕೈ ಸೇರಿತು. ಮುಂದಿನ ಅಧಿವೇಶನದಲ್ಲಿ ಅವರು ಎದ್ದು ನಿಂತು ಕೇಳಿದರು: "ಒಂದೇ ಹೊಲಿಗೆ ಅಂಗಡಿಯಲ್ಲಿ ಮುನ್ನೂರ ಹನ್ನೆರಡು ಅರ್ಜಿ ಹಾಳೆಗಳು ಸಿಕ್ಕಿವೆ. ದೂರು ಬಂದಿಲ್ಲ ಎಂದು ಇನ್ನೂ ಹೇಳುತ್ತೀರಾ?" ಹೆಸರುಗಳಿಗೆ ಕಪ್ಪು ಬಳಿದು ನಾವು ಪತ್ರದ ಜೊತೆ ಕಳಿಸಿದ್ದ ಬೇರೊಂದು ತೋಳಿನ ಕಟಿಂಗನ್ನು ಎತ್ತಿ ಹಿಡಿದರಂತೆ. ಮಂತ್ರಿಗಳು ತಡವರಿಸಿ, ತನಿಖೆಗೆ ಒಪ್ಪಿಕೊಂಡರು. ಈಗ ನಮ್ಮ ಆಸ್ಪತ್ರೆಯಲ್ಲಿ ಹಳೆಯ ಅರ್ಜಿಗಳನ್ನು ಚೂರುಚೂರು ಮಾಡುವ ಯಂತ್ರ ಬಂದಿದೆ. ಅರ್ಜಿಗಳ ಜವಾಬ್ದಾರಿ ಯಾರದೆಂದು ಬಾಗಿಲಲ್ಲಿ ಒಬ್ಬ ಅಧಿಕಾರಿಯ ಹೆಸರು ತೂಗುಹಾಕಿದ್ದಾರೆ. ನಮ್ಮದೊಂದರಲ್ಲೇ. ಉಳಿದ ಕಚೇರಿಗಳಿಗೆ ಇನ್ನೂ ಪ್ರಶ್ನೆ ಹೋಗಬೇಕು.

ನಾನೂ ಈಗ ಖಾಲಿ ಕಾಗದವನ್ನೇ ಕೊಳ್ಳುತ್ತೇನೆ. ಯಾರ ಸೊಂಟ ಎಷ್ಟೆಂದು ಬಂದವರೆಲ್ಲ ಓದಿ ನಗುತ್ತಿದ್ದ ನನ್ನ ಅಳತೆ ಪುಸ್ತಕವನ್ನು ಮೇಜಿನ ಒಳಗೆ ಇಟ್ಟಿದ್ದೇನೆ.

ಅಕ್ಕತಂಗಿಯರೇ, ಅಣ್ಣಂದಿರೇ, ಮುಚ್ಚಿಡಲು ನಮ್ಮ ಹತ್ತಿರ ಏನಿದೆ ಎಂದು ನನ್ನ ಹಾಗೆ ನಗಬೇಡಿ. ಅರ್ಜಿ ತುಂಬುವ ಮೊದಲು ಕಿಟಕಿಯಾಚೆ ಕುಳಿತವರನ್ನು ಕೇಳಿ: ಇದು ಯಾತಕ್ಕೆ ಬೇಕು, ಯಾರು ಓದುತ್ತಾರೆ, ಕೆಲಸ ಮುಗಿದ ಮೇಲೆ ಈ ಕಾಗದ ಎಲ್ಲಿಗೆ ಹೋಗುತ್ತದೆ? ಸರಿಯಾದ ಉತ್ತರ ಸಿಗದಿದ್ದರೆ ನೀವು ಆರಿಸಿ ಕಳಿಸಿದ ಸದಸ್ಯರಿಗೆ ನಾಲ್ಕು ಸಾಲು ಬರೆಯಿರಿ. ನಿಮ್ಮ ಪರವಾಗಿ ಪ್ರಶ್ನೆ ಕೇಳುವುದು ಅವರ ಕೆಲಸ.

ಈಗ ಇದನ್ನು ಇಲ್ಲಿಗೆ ನಿಲ್ಲಿಸಿ, ಎದ್ದು ಹೋಗಿ, ಇವತ್ತು ಅಂಗಡಿಯಿಂದ ತಂದ ಸಾಮಾನು ಕಟ್ಟಿದ್ದ ಕಾಗದವನ್ನು ಒಮ್ಮೆ ತಿರುಗಿಸಿ ನೋಡಿ. ಅದರಲ್ಲಿ ಯಾರದಾದರೂ ಸಹಿ ಇದ್ದರೆ ಮುಂದೆ ಓದಬೇಡಿ. ಸಹಿ ಹಾಕಿದವಳಿಗೂ ಒಬ್ಬ ಅಕ್ಕ ಇರಬಹುದು.